ಸೊಲಾರಿಸ್ 8ರಲ್ಲಿ ವಿಮ್ ಓಡಿಸಿಕೊಟ್ಟವರಿಗೆ

ಹೆಸರು ಹಾಕಬೇಡಿ ಅಂದಿದ್ದೀರಿ ಸರ್, ಹಾಕುವುದಿಲ್ಲ. ಆದರೆ ಧನ್ಯವಾದ ಹೇಳದೆ ಇರಲಾರೆ.

2000ದಲ್ಲಿ ಬಂದ ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಸೊಲಾರಿಸ್ 8, ಅದನ್ನು ಓಡಿಸುತ್ತ ಇನ್ನೂ ಕೆಲಸ ಮಾಡುತ್ತಿರುವ ಸ್ಪಾರ್ಕ್ ಚಿಪ್‌ನ ಯಂತ್ರ, ಮಾಡಿದ ಬದಲಾವಣೆಯಲ್ಲಿ ಕೊನೆಯದೊಂದನ್ನು ಮಾತ್ರ ರದ್ದು ಮಾಡಬಲ್ಲ ಹಳೆಯ ಪಠ್ಯ ಸಂಪಾದಕ ವಿಐ. ಯಂತ್ರದ ಪೂರ್ಣ ಅಧಿಕಾರ ಕೊಡುವ ರೂಟ್ ಪಾಸ್‌ವರ್ಡ್ ನನಗೆ ಸಿಗುವಂತಿರಲಿಲ್ಲ. ವಿಐನ ಸುಧಾರಿತ ರೂಪವಾದ ವಿಮ್ ಹಾಕಿಕೊಳ್ಳಲು ರೂಟ್ ಬೇಕಾಗಿಯೇ ಇಲ್ಲ ಅಂದಿರಿ. ಅಲ್ಲಿದ್ದ ಹಳೆಯ ಕಂಪೈಲರ್‌ಗೆ (ಸೋರ್ಸ್ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಸಾಧನ) ಹೊಂದುವ, ವಿಮ್‌ನ ಹಳೆಯ ಆವೃತ್ತಿಯ ಸೋರ್ಸ್ ಕೋಡ್ ತರಿಸಿದಿರಿ. ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್ ವಿಂಡೋ ವ್ಯವಸ್ಥೆಯ ಬೆಂಬಲ ಕೈಬಿಟ್ಟು, ನನ್ನ ಹೋಮ್ ಡೈರೆಕ್ಟರಿಯೊಳಗೇ ಕಂಪೈಲ್ ಮಾಡಿಸಿದಿರಿ.

ನಿಜವಾದ ತೊಡಕು ಆಮೇಲೆ ಬಂತು. ಆ ಯಂತ್ರಕ್ಕೆ ಸಂಪರ್ಕಿಸುವಾಗ ನನ್ನ ಲಿನಕ್ಸ್ ಲ್ಯಾಪ್‌ಟಾಪ್ ತನ್ನನ್ನು 256 ಬಣ್ಣಗಳ ಎಕ್ಸ್‌ಟರ್ಮ್ ಎಂಬ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಪರದೆ) ಎಂದು ಪರಿಚಯಿಸಿಕೊಳ್ಳುತ್ತಿತ್ತು; ಸೊಲಾರಿಸ್‌ಗೆ ಆ ಹೆಸರೇ ಗೊತ್ತಿಲ್ಲ. ಟರ್ಮಿನಲ್‌ನ ಹೆಸರು ಹೇಳುವ ಟರ್ಮ್ ವೇರಿಯಬಲ್‌ಗೆ ಬಣ್ಣವಿಲ್ಲದ ಹಳೆಯ ಟರ್ಮಿನಲ್ ವಿಟಿ100ರ ಹೆಸರು ಕೊಟ್ಟು ಮುಗಿಸಿಬಿಡಬಹುದಿತ್ತು, ಬಣ್ಣ ಹೋಗುತ್ತಿತ್ತು ಅಷ್ಟೆ. ನೀವು ಹಾಗೆ ಬಿಡಲಿಲ್ಲ. ಲಿನಕ್ಸ್‌ನಲ್ಲಿ ಇನ್ಫೋಸಿಎಂಪಿ ಎಂಬ ಕಮಾಂಡ್‌ನಿಂದ ಟರ್ಮಿನಲ್ ವಿವರಣೆ ತೆಗೆಸಿ, ಹಳೆಯ ಯಂತ್ರಕ್ಕೆ ಅರ್ಥವಾಗದ್ದನ್ನು ಅಳಿಸಿ, ಆ ಯಂತ್ರದಲ್ಲೇ ಇದ್ದ ಟಿಕ್ ಎಂಬ ಕಮಾಂಡ್‌ನಿಂದ ಕಂಪೈಲ್ ಮಾಡಿಸಿದಿರಿ. ಈ ವಿವರಣೆ ಎಲ್ಲಿದೆ ಎಂದು ಹೇಳುವ ಟರ್ಮ್‌ಇನ್ಫೋ ವೇರಿಯಬಲ್ ನನ್ನ ಡೈರೆಕ್ಟರಿಯತ್ತ ತಿರುಗಿದ ಕೂಡಲೇ ಬಣ್ಣ ಬಂತು.

ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರ ಅಳಿಸುವ ಬದಲು ^? ಮೂಡುತ್ತಿತ್ತಲ್ಲ, ಅದಕ್ಕೆ ವಿಮ್‌ನ ಸೆಟ್ಟಿಂಗ್ ಫೈಲ್ ವಿಮ್‌ಆರ್‌ಸಿಯಲ್ಲಿ ಒಂದು ಸಾಲು ಸಾಕಾಯಿತು. ಕೀಲಿ ಕಳಿಸುವ ಅಕ್ಷರ ಸಂಕೇತ 127, ಟರ್ಮಿನಲ್ ವಿವರಣೆ ನಿರೀಕ್ಷಿಸುವುದು 8 ಎಂದು ನೀವು ಬಿಡಿಸಿ ಹೇಳದಿದ್ದರೆ ಆ ಸಾಲು ನನಗೆ ಬರೀ ಮಂತ್ರವಾಗಿಯೇ ಉಳಿಯುತ್ತಿತ್ತು. ಕಮಾಂಡ್ ಹೇಳಿ ಫೋನ್ ಇಡುವವರು ಸಿಗುತ್ತಾರೆ. ಯಾಕೆ ಎಂದು ತಾಳ್ಮೆಯಿಂದ ವಿವರಿಸುವವರು ಅಪರೂಪ. ಅದಕ್ಕಾಗಿ ನಿಮಗೆ ಮನಸಾರೆ ನಮಸ್ಕಾರ. ಆ ಸೆಟ್ಟಿಂಗ್‌ಗಳನ್ನೇ ಈಗ ನಮ್ಮ ತಂಡದವರೂ ಬಳಸುತ್ತಿದ್ದಾರೆ ಸರ್.