ಗಿರಣಿ ಹಾಕುವ ಮುನ್ನ

ಕಲಬುರಗಿ

ತಮ್ಮಾ,

ಕಾಕಾನ ಆಶೀರ್ವಾದಗಳು. ತೊಗರಿ ಮಾರಿದ ಹಣದಲ್ಲಿ ಊರಲ್ಲೇ ಸಣ್ಣ ಬೇಳೆ ಗಿರಣಿ ಹಾಕುತ್ತೇನೆಂದು ಬರೆದಿದ್ದೀಯ. ಸಂತೋಷವಾಯಿತು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲೇ ಭೌಗೋಳಿಕ ಗುರುತು (ಈ ನೆಲದ್ದೇ ಬೆಳೆ ಎಂಬ ಜಿ.ಐ. ಮಾನ್ಯತೆ) ಸಿಕ್ಕಿದೆ. ಕಾಳು ಮಾರಿ, ಅದೇ ಬೇಳೆಯನ್ನು ಅಂಗಡಿಯಿಂದ ಕೊಳ್ಳುವ ರೈತರಾಗಿ ನಾವು ಇನ್ನೆಷ್ಟು ಕಾಲ ಇರಬೇಕು? ಆದರೆ ಮೂರು ವರ್ಷ ಮನೆಖರ್ಚನ್ನು ಅರ್ಧಕ್ಕೆ ಇಳಿಸುತ್ತೇನೆ, ಅವ್ವನ ಔಷಧದ ಖರ್ಚನ್ನೂ ಹಿಡಿತಕ್ಕೆ ತರುತ್ತೇನೆ ಎಂದು ಬರೆದದ್ದು ನನಗೆ ಒಪ್ಪಿಗೆಯಿಲ್ಲ.

ಪಿಯುಸಿಯಲ್ಲಿ ಓದಿದ ಉತ್ಪಾದನಾ ಸಾಧ್ಯತಾ ರೇಖೆ ನೆನಪಿದೆಯೇ? ಇರುವ ಸಂಪನ್ಮೂಲದಲ್ಲಿ ಎರಡು ಬಗೆಯ ಸರಕನ್ನು ಹೆಚ್ಚೆಂದರೆ ಎಷ್ಟೆಷ್ಟು ಮಾಡಬಹುದೆಂದು ತೋರಿಸುವ ಗೆರೆ ಅದು. ಒಂದು ಅಕ್ಷದಲ್ಲಿ ಯಂತ್ರದಂಥ ಬಂಡವಾಳ ಸರಕು, ಇನ್ನೊಂದರಲ್ಲಿ ಅನ್ನ, ಬಟ್ಟೆಯಂಥ ಅನುಭೋಗಿ ಸರಕು. ಇರುವ ಭೂಮಿ, ದುಡಿಮೆ, ಯಂತ್ರ ಎಲ್ಲವೂ ಪೂರ್ತಿ ಬಳಕೆಯಲ್ಲಿದ್ದರೆ ಮಾತ್ರ ನಾವು ಆ ರೇಖೆಯ ಮೇಲಿರುತ್ತೇವೆ. ಆಗ ಒಂದನ್ನು ಹೆಚ್ಚಿಸಲು ಇನ್ನೊಂದನ್ನು ಬಿಡಲೇಬೇಕು. ಏನಾದರೂ ಸುಮ್ಮನೆ ಬಿದ್ದಿದ್ದರೆ ನಾವು ರೇಖೆಯ ಒಳಗಿದ್ದೇವೆ ಎಂದರ್ಥ. ಅಲ್ಲಿಂದ ಯಾರ ತುತ್ತನ್ನೂ ಕಸಿಯದೆ ಮುಂದೆ ಹೋಗಬಹುದು. ನಿನ್ನ ಮನೆ ಇನ್ನೂ ಒಳಗೇ ಇದೆ. ಕೃಷಿಹೊಂಡದ ತಾಡಪತ್ರಿ ಹರಿದು ನೀರು ನಿಲ್ಲುತ್ತಿಲ್ಲ. ಟ್ರ್ಯಾಕ್ಟರ್ ಬೇಸಿಗೆಯಿಡೀ ಗಿಡದ ಕೆಳಗೆ ನಿಂತಿರುತ್ತದೆ. ಮೊದಲು ಹೊಂಡ ಸರಿಮಾಡಿಸು. ಮಳೆ ಕೈಕೊಟ್ಟ ವರ್ಷ ತೊಗರಿ ಹೂ ಬಿಡುವ ಹೊತ್ತಿಗೆ ಒಂದು ನೀರು ಸಿಕ್ಕರೆ ಇಳುವರಿಯೇ ಬೇರೆ.

ಆ ರೇಖೆ ಹೊರಕ್ಕೆ ಬಾಗಿರುವುದಕ್ಕೂ ಕಾರಣವಿದೆ. ಎಲ್ಲ ಸಂಪನ್ಮೂಲವೂ ಎಲ್ಲ ಕೆಲಸಕ್ಕೂ ಒಂದೇ ಸಮನಾಗಿ ಒದಗುವುದಿಲ್ಲ. ಏಪ್ರಿಲ್‌ನಲ್ಲಿ ನೀನು ಗಿರಣಿಯಲ್ಲಿ ಕಳೆದ ದಿನಕ್ಕೆ ಹೊಲದಲ್ಲಿ ಹೆಚ್ಚು ನಷ್ಟವಿಲ್ಲ. ತೊಗರಿ ರಾಶಿ ಮುಗಿಯುತ್ತಲೇ ಕಡಲೆ, ಬಿಳಿಜೋಳ ಕೊಯ್ಲಿಗೆ ಬಂದಿರುತ್ತವೆ. ಆಗ ಕಳೆದ ಒಂದೊಂದು ದಿನದ ಬೆಲೆಯೂ ಏರುತ್ತ ಹೋಗುತ್ತದೆ. ಗಿರಣಿಗೆ ಕೆಲಸ ಹೆಚ್ಚುವುದೂ ಅದೇ ಹೊತ್ತಿಗೆ. ನಿನ್ನ ಲೆಕ್ಕದಲ್ಲಿ ಯಂತ್ರದ ಬೆಲೆ, ಬ್ಯಾಂಕಿನ ಬಡ್ಡಿ ಎರಡೂ ಇವೆ, ಈ ದಿನಗಳ ಬೆಲೆ ಇಲ್ಲ.

ಯಂತ್ರ ಮೊದಲೋ ಅನ್ನ ಮೊದಲೋ ಎಂಬ ಈ ಪ್ರಶ್ನೆಯನ್ನು ದೇಶವೂ ಎದುರಿಸಿದೆ. 1956ರಲ್ಲಿ ಆರಂಭವಾದ ಎರಡನೇ ಪಂಚವಾರ್ಷಿಕ ಯೋಜನೆ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಮಾದರಿಯಂತೆ ಉಕ್ಕು, ಯಂತ್ರಗಳಿಗೆ ಆದ್ಯತೆ ಕೊಟ್ಟಿತು. ಭಿಲಾಯಿ, ರೂರ್ಕೆಲಾ, ದುರ್ಗಾಪುರದ ಉಕ್ಕಿನ ಕಾರ್ಖಾನೆಗಳು ಎದ್ದು ನಿಂತವು. ಅವು ಬೇಕಾಗಿದ್ದವು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅರ್ಥಶಾಸ್ತ್ರಜ್ಞರಾದ ಸಿ.ಎನ್. ವಕೀಲ್ ಮತ್ತು ಪಿ.ಆರ್. ಬ್ರಹ್ಮಾನಂದ ಆಗಲೇ ಎಚ್ಚರಿಸಿದ್ದರು: ದುಡಿಯುವವನಿಗೆ ಬೇಕಾದ ಕಾಳುಕಡಿ, ಬಟ್ಟೆ ಮೊದಲು ಸಾಕಷ್ಟಿರಬೇಕು, ಅವಿಲ್ಲದೆ ಕಾರ್ಖಾನೆಯ ಕೆಲಸವೂ ಸಾಗದು ಎಂದು. ಅದೇ 1956ರಲ್ಲಿ ಪಿ.ಎಲ್. 480 ಎಂಬ ಅಮೆರಿಕದ ಆಹಾರ ನೆರವಿನ ಕಾನೂನಿನ ಅಡಿಯಲ್ಲಿ ಅಲ್ಲಿನ ಗೋಧಿಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ವೈನಿಯ, ಅಂದರೆ ನಿನ್ನ ಅವ್ವನ ಔಷಧ, ಮಗಳ ಶಾಲೆಯ ಶುಲ್ಕ, ಮನೆಯ ಹಾಲು ನಿನ್ನ ಪಾಲಿಗೆ ಅಂಥ ಸರಕುಗಳು. ಅವನ್ನು ಮುಟ್ಟಬೇಡ. ಹೊಸ ಮೋಟಾರ್ ಸೈಕಲ್ ಬಿಡು, ಜವಳ ಕಾರ್ಯದ ದೊಡ್ಡ ಊಟ ಬಿಡು. ಅಷ್ಟು ಬಿಟ್ಟರೆ ಯಾರ ಮೈಯೂ ಸೊರಗುವುದಿಲ್ಲ.

ಈ ವರ್ಷ ಗಿರಣಿ ಕೊಳ್ಳಬೇಡ. ನಮ್ಮ ಕಡೆ ವರ್ಷದಲ್ಲಿ ಕೆಲವೇ ತಿಂಗಳು ತಿರುಗುವ ಗಿರಣಿಗಳಿವೆ. ಅಲ್ಲಿ ಕೂಲಿ ಕೊಟ್ಟು ನಿನ್ನ ತೊಗರಿಯ ಒಂದು ಪಾಲನ್ನು ಬೇಳೆ ಮಾಡಿಸು, ನೀನೇ ಮಾರಿ ನೋಡು. ಎಣ್ಣೆ ಸವರಿದ ಕಾಳನ್ನು ಒಣಗಿಸಲು ಎಷ್ಟು ಅಂಗಳ ಬೇಕು, ನುಚ್ಚು ಎಷ್ಟು ಬೀಳುತ್ತದೆ, ರೋಲರ್ ಎಷ್ಟು ಬೇಗ ಸವೆಯುತ್ತದೆ ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ. ಸವಕಳಿಗೆ ಪ್ರತಿ ವರ್ಷ ಹಣ ತೆಗೆದಿಡದಿದ್ದರೆ ಗಿರಣಿ ತನ್ನನ್ನೇ ತಿಂದು ಮುಗಿಸುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ. ರೂಪಿಸಿದ ಸಣ್ಣ ಬೇಳೆ ಗಿರಣಿಯನ್ನೂ ವಿಚಾರಿಸು.

ಮುಂದಿನ ಸಲ ಇಲ್ಲಿನ ಗಂಜ್ ಮಾರುಕಟ್ಟೆಗೆ ಬಂದಾಗ ಮನೆಖರ್ಚಿನ ವಹಿ ತೆಗೆದುಕೊಂಡು ಮನೆಗೆ ಬಾ, ಕೂತು ನೋಡೋಣ. ವೈನಿಯ ಔಷಧದ ಚೀಟಿಯನ್ನೂ ತಾ. ಈ ತಿಂಗಳದ್ದನ್ನು ಇಲ್ಲಿಂದಲೇ ಕೊಡಿಸುತ್ತೇನೆ.

ನಿನ್ನ ಕಾಕಾ