ರಿಪೇರಿ ಮಾಡಿದ್ದನ್ನು ರಿಪೇರಿ ಎಂದೇ ಹೇಳಿ

ಮಾನ್ಯ ಸಂಪಾದಕರೇ,

ನಿವೃತ್ತಿಯಾದ ಮೇಲೆ ಹಳೆಯ ಲೋಹದ ಆಟಿಕೆ ಕಾರುಗಳ ರಿಪೇರಿ ಹಚ್ಚಿಕೊಂಡಿದ್ದೇನೆ. ಫಿಟ್ಟರ್ ಆಗಿದ್ದವನ ಕೈ ಸುಮ್ನೆ ಕೂರುವುದಿಲ್ಲ ಅಲ್ವಾ? ಕಳೆದ ತಿಂಗಳು ಮನಸ್ಸಿಗೆ ನೋವಾಗುವಂಥದ್ದು ನಡೆಯಿತು. ಅದಕ್ಕೇ ಈ ಪತ್ರ.

ಇಂಗ್ಲೆಂಡಿನ ಲೆಸ್ನಿ ಕಂಪನಿಯ ಮ್ಯಾಚ್‌ಬಾಕ್ಸ್ ಕಾರುಗಳಲ್ಲಿ 32ನೇ ನಂಬರಿನ ಜಾಗ್ವಾರ್ ಇ-ಟೈಪ್ ಬಂದದ್ದು 1962ರಲ್ಲಿ. ಬೆರಳುದ್ದದ ಕಾರು, ಕಡ್ಡಿ ಕಡ್ಡಿ ಚಕ್ರ. ಸೋದರಮಾವ ತಂದುಕೊಟ್ಟಿದ್ದ ಅಂಥದೊಂದು ಕಾರನ್ನು ಚಿಕ್ಕಂದಿನಲ್ಲಿ ಕಳೆದುಕೊಂಡಿದ್ದೆ. ಅಂಥದೇ ಇನ್ನೊಂದನ್ನು 'ಪೂರ್ತಿ ಒರಿಜಿನಲ್' ಎಂದು ಒಬ್ಬರು ಮಾರಿದರು. ದುಡ್ಡೂ ಜಾಸ್ತಿಯೇ ಕೊಟ್ಟೆ. ಮನೆಗೆ ತಂದು ಭೂತಗನ್ನಡಿ ಹಿಡಿದರೆ ಎದೆ ಧಸಕ್ಕೆಂದಿತು. ಕಂಪನಿಯ ಕೆಂಪಿನಲ್ಲಿ ಲೋಹದ ಮಿನುಗು ಇರುತ್ತದೆ, ಇದು ಬರೀ ಕೆಂಪು. ಬಾಗಿಲಿನ ಗೆರೆಗಳೆಲ್ಲ ದಪ್ಪ ಬಣ್ಣದಲ್ಲಿ ಮುಚ್ಚಿಹೋಗಿದ್ದವು. ತಿರುಗಿಸಿ ನೋಡಿದೆ. ತಳದ ತಗಡನ್ನು ಮೈಗೆ ಬಿಗಿಯುವ ರಿವೆಟ್ ಮೊಳೆಯ ತಲೆ ಇರಬೇಕಾದ ಕಡೆ ಅಂಟು, ಅದರ ಮೇಲೆ ಬಣ್ಣ.

ರಿಪೇರಿ ಮಾಡುವುದು ತಪ್ಪಲ್ಲ. ನಾನೂ ರಿವೆಟ್ ತಲೆಯನ್ನು ಡ್ರಿಲ್ ಹಾಕಿ ತೆಗೆಯುತ್ತೇನೆ, 2 ಎಂ.ಎಂ. ಟ್ಯಾಪ್‌ನಿಂದ ತೂತಿನೊಳಗೆ ಸುರುಳಿ ಗೆರೆ ಕೊರೆದು ಸ್ಕ್ರೂ ಕೂರಿಸುತ್ತೇನೆ. ಆದರೆ ಆ ಸ್ಕ್ರೂ ಎದ್ದು ಕಾಣಲಿ ಎಂದೇ ಬಿಡುತ್ತೇನೆ. ಏನು ಬದಲಿಸಿದೆ, ಯಾವ ವರ್ಷ ಎಂದು ತಳದ ತಗಡಿನ ಒಳಗೆ ಸಣ್ಣಗೆ ಗೀಚಿಡುತ್ತೇನೆ.

ಅಟ್ಟದಲ್ಲಿ ಇಂಥ ಕಾರು ಸಿಕ್ಕವರಿಗೂ ಒಂದು ಮಾತು. ಹಿತ್ತಾಳೆ ಚೊಂಬಿನಂತೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಇದು ಸತುವಿನ ಎರಕ, ಹುಳಿ ತಾಗಿದರೆ ಸವೆಯುತ್ತದೆ. ಸೋಪಿನ ನೀರು, ಮೆತ್ತನೆ ಬ್ರಷ್ ಸಾಕು. ಮುಕ್ಕಾಲು ಬಣ್ಣ ಉಳಿದಿದ್ದರೆ ಹೊಸ ಬಣ್ಣ ಬಳಿಯಲೇಬೇಡಿ. ಚಕ್ಕೆ ಎದ್ದ ಆ ಜಾಗಗಳು ಯಾವುದೋ ಮಗು ಆಡಿದ ಗುರುತು. ಮೈ ಉಬ್ಬಿ ಬಿರುಕು ಬಿಟ್ಟಿದ್ದರೆ ಮಾತ್ರ ನಾವೇನೂ ಮಾಡಲಾರೆವು. ಅದು ಎರಕಕ್ಕೆ ಸೀಸ ಬೆರೆತ ದೋಷ, 1930ರ ದಶಕದ ಡಿಂಕಿ ಎಂಬ ಬ್ರಾಂಡಿನ ಆಟಿಕೆ ಕಾರುಗಳಲ್ಲಿ ಕಾಣುತ್ತದೆ.

ಆ ಜಾಗ್ವಾರ್ ಈಗ ನನ್ನ ಮೇಜಿನ ಮೇಲಿದೆ. ಒಳಗೆ 'ಬಣ್ಣ ಹೊಸದು' ಎಂದು ಬರೆದಿಟ್ಟಿದ್ದೇನೆ. ಮಾರುವವರು ಇಷ್ಟೇ ಒಂದು ಚೀಟಿ ಇಡಲಿ. ಆಗಲೂ ಜನ ಕೊಳ್ಳುತ್ತಾರೆ. ನಾನಂತೂ ಕೊಳ್ಳುತ್ತಿದ್ದೆ.

– ಒಬ್ಬ ನಿವೃತ್ತ ಫಿಟ್ಟರ್, ಶಿವಮೊಗ್ಗ