ವೃದ್ಧರ ವಾರ್ಡಿಗೆ ಹೊರಟ ಮಗಳಿಗೆ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಮುಂದಿನ ವಾರದಿಂದ ನಿನಗೆ ವೃದ್ಧರ ವಾರ್ಡಿನಲ್ಲಿ ಕೆಲಸವೆಂದು ತಿಳಿದಾಗಿನಿಂದ ಒಂದು ಮಾತು ನನ್ನನ್ನು ಕಾಡುತ್ತಿದೆ. ಆ ವಾರ್ಡಿನ ಹೊಸ್ತಿಲು ದಾಟುವ ಮೊದಲೇ ಮುಪ್ಪಿನ ಚಿತ್ರವೊಂದು ನಮ್ಮ ಮನಸ್ಸಿನಲ್ಲಿ ಸಿದ್ಧವಾಗಿರುತ್ತದೆ. ಕಥೆ, ಸಿನಿಮಾ, ಜಾಹೀರಾತುಗಳಲ್ಲಿ ನಾವು ಕಂಡ ಮುದುಕರು ಬಹುಪಾಲು ಎರಡೇ ಬಗೆಯವರು: ಎಲ್ಲವನ್ನೂ ಬಲ್ಲ ಶಾಂತ ಹಿರಿಯರು, ಇಲ್ಲವೇ ಮರೆವಿನಿಂದ ನಗೆಪಾಟಲಾಗುವವರು. ನಮ್ಮ ಗಾದೆಯಂತೂ ಅರವತ್ತಕ್ಕೆ ಅರಳುಮರಳು ಎಂದು ತೀರ್ಪನ್ನೇ ಕೊಟ್ಟುಬಿಟ್ಟಿದೆ. ವಯಸ್ಸನ್ನೇ ಮುಂದಿಟ್ಟು ಮನುಷ್ಯರನ್ನು ಅಳೆಯುವ ಈ ಪ್ರವೃತ್ತಿಗೆ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1969ರಲ್ಲಿ 'ಏಜಿಸಂ' ಎಂದು ಹೆಸರಿಟ್ಟರು.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ವೃದ್ಧೆಯೊಬ್ಬರು ಎರಡು ದಿನ ಯಾರನ್ನೂ ಕರೆಯದೆ, ನೀರು ಕೂಡ ಕೇಳದೆ, ಕಣ್ಣು ಅರೆಮುಚ್ಚಿ ಮಲಗಿದ್ದರು. ತೊಂದರೆ ಕೊಡದ ಅಜ್ಜಿ ಎಂದು ನಾನು ಮೆಚ್ಚಿಕೊಂಡಿದ್ದೆ, ಏಕೆಂದರೆ ನನ್ನ ಮನಸ್ಸಿನಲ್ಲಿದ್ದ ಶಾಂತ ಹಿರಿಯರ ಚಿತ್ರಕ್ಕೆ ಅವರು ಸರಿಯಾಗಿ ಹೊಂದುತ್ತಿದ್ದರು. ಮೂರನೆಯ ದಿನ ಅವರ ಮಗ ಬಂದು, "ಅಮ್ಮ ಹೀಗೆ ಸುಮ್ಮನಿರುವವರೇ ಅಲ್ಲ" ಎಂದ ಮೇಲೆಯೇ ಪರೀಕ್ಷೆಗಳು ನಡೆದವು. ಮೂತ್ರನಾಳದ ಸೋಂಕು, ಅದರಿಂದ ಡೆಲಿರಿಯಂ, ಅಂದರೆ ದಿಢೀರನೆ ಮನಸ್ಸಿಗೆ ಕವಿಯುವ ಗೊಂದಲ. ವಯಸ್ಸಾದವರಿಗೆ ಸೋಂಕು ತಗುಲಿದರೂ ಜ್ವರ ಬಾರದಿರಬಹುದು. ಬಾಯಾರಿಕೆಯ ಅರಿವೂ ಅವರಲ್ಲಿ ಕುಂದಿರುತ್ತದೆ. ಮರೆಗುಳಿತನ ವರ್ಷಗಳಲ್ಲಿ ಮೆಲ್ಲನೆ ಬೆಳೆದರೆ, ಡೆಲಿರಿಯಂ ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ತಲೆದೋರುತ್ತದೆ. ಕೂಗಾಡುವ ರೋಗಿಯತ್ತ ಎಲ್ಲರೂ ಓಡಿಬರುತ್ತಾರೆ, ಮಂಕಾಗಿ ಮಲಗಿದವರು ಮಾತ್ರ ಕಣ್ತಪ್ಪಿಹೋಗುತ್ತಾರೆ. ಆ ಎರಡು ದಿನಗಳನ್ನು ನಾನು ಇಂದಿಗೂ ಮರೆತಿಲ್ಲ.

ಮಗುವನ್ನು ಮುದ್ದಿಸುವ ದನಿಯಲ್ಲಿ ಹಿರಿಯರೊಡನೆ ಮಾತನಾಡುವುದೂ ಇಂಥದೇ ಚಿತ್ರದ ಫಲ. ಮುಪ್ಪಿನಲ್ಲಿ ಮೊದಲು ಮಂದವಾಗುವುದು ಕೀಚಲು ಸ್ವರಗಳನ್ನು ಕೇಳುವ ಶಕ್ತಿಯಾದ್ದರಿಂದ, ಎಳೆದು ಕೀಚಲಾಗಿಸಿದ ಮಾತು ಅವರಿಗೆ ಇನ್ನಷ್ಟು ಅಸ್ಪಷ್ಟವಾಗುತ್ತದೆ. ಎದುರಿಗೆ ಕುಳಿತು, ದನಿ ತಗ್ಗಿಸಿ, ನಿಧಾನವಾಗಿ ಮಾತನಾಡು.

ನಮ್ಮ ನೋಟವನ್ನು ತಿದ್ದುವ ಚಿತ್ರಗಳೂ ಇವೆ. ಡಚ್ ಚಿತ್ರಕಾರ ರೆಂಬ್ರಾಂಟ್ 1669ರಲ್ಲಿ, ತಾನು ತೀರಿಕೊಂಡ ವರ್ಷ, 63ರ ವಯಸ್ಸಿನ ತನ್ನ ಮುಖವನ್ನು ತಾನೇ ಬರೆದ. ಜೋತ ಚರ್ಮವನ್ನು ಆತ ಮರೆಮಾಚಲಿಲ್ಲ, ಕರುಣೆಯನ್ನೂ ಬೇಡಲಿಲ್ಲ. ಆ ಕಣ್ಣುಗಳು ನೋಡುವವರನ್ನೇ ತಿರುಗಿ ನೋಡುತ್ತವೆ. ನೀನು ರೋಗಿಯ ನಾಡಿ ಹಿಡಿದಾಗ ಅವರೂ ಹಾಗೆಯೇ ನಿನ್ನನ್ನು ಅಳೆಯುತ್ತಿರುತ್ತಾರೆ.

ಮೊದಲ ದಿನವೇ ಮನೆಯವರನ್ನು, "ಕಾಯಿಲೆಗೆ ಮೊದಲು ಇವರು ಹೇಗಿದ್ದರು?" ಎಂದು ಕೇಳಿ, ಅದನ್ನು ರೋಗಿಯ ದಾಖಲೆಯಲ್ಲಿ ಬರೆದಿಡು. ವಾರ ಕಳೆದ ಮೇಲೆ ನಿನ್ನ ರೋಗಿಗಳಲ್ಲಿ ಒಬ್ಬರ ಬಗ್ಗೆ ನನಗೂ ಬರೆ: ಏನು ಕೆಲಸ ಮಾಡುತ್ತಿದ್ದರು, ಯಾವುದಕ್ಕೆ ನಗುತ್ತಾರೆ, ಯಾವ ಮಾತಿಗೆ ಸಿಟ್ಟಾಗುತ್ತಾರೆ.

ನಿನ್ನ ಅಮ್ಮ